ಗಿಂಡಿಯ ನೀರು, ಗೆರಟೆಯ ನೀರು

ನಮ್ಮ ಮನೆಯ ಟಿ.ವಿ. ಪಕ್ಕದಲ್ಲಿ ಒಂದು ಹಿತ್ತಾಳೆ ಗಿಂಡಿ ಇದೆ. ಸೊಸೆ ಅದರಲ್ಲಿ ಪ್ಲಾಸ್ಟಿಕ್ ಹೂ ಸಿಕ್ಕಿಸಿ ಇಟ್ಟಿದ್ದಾಳೆ. ಈ ಬೇಸಗೆ ರಜೆಯಲ್ಲಿ ಆರನೇ ಕ್ಲಾಸಿನ ಮೊಮ್ಮಗಳು ಅದನ್ನು ಕೈಯಲ್ಲಿ ಹಿಡಿದು, ಅದರ ಸೊಂಡಿಲಿನಂಥ ಮೂತಿಯನ್ನು ನೋಡಿ, "ಅಜ್ಜ, ಇದು ಎಂಥ? ಹಿಂದಿನ ಕಾಲದ ಟೀ ಪಾಟಾ?" ಎಂದು ಕೇಳಿದಳು.

"ಟೀ ಅಲ್ಲ ಮಗಳೇ, ಮನೆಗೆ ಬಂದವರಿಗೆ ನೀರು ಕೊಡುವ ಗಿಂಡಿ."

"ನೀರು ಕೊಡ್ಲಿಕ್ಕೆ ಒಂದು ಗ್ಲಾಸ್ ಸಾಕಲ್ವಾ?"

ಆ ದಿನ ಅವಳಿಗೆ ಅರ್ಧ ಉತ್ತರ ಹೇಳಿದೆ. ಇನ್ನರ್ಧ ಹೇಳುವುದಕ್ಕೆ ನನಗೆ ಎರಡು ದಿನ ಬೇಕಾಯಿತು. ಮಕ್ಕಳೇ, ಇಲ್ಲಿ ಎರಡನ್ನೂ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಮಂಗಳೂರಿನ ಈ ಉರ್ವದಲ್ಲೇ. ಈಗ ನಮ್ಮ ಫ್ಲ್ಯಾಟ್ ಇರುವ ಜಾಗದಲ್ಲಿ ಆಗ ಒಂದು ಹೆಂಚಿನ ಮನೆ, ಬಾವಿ, ಹತ್ತಿಪ್ಪತ್ತು ತೆಂಗಿನ ಮರ, ಹಟ್ಟಿಯಲ್ಲಿ ಒಂದು ದನ. ಕರೆಗಂಟೆ ಇರಲಿಲ್ಲ. ಬಂದವರು ಅಂಗಳದ ತುದಿಯಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದರು. ಅಥವಾ ತುಳುವಿನಲ್ಲಿ "ಉಲ್ಲರಾ?" ಎನ್ನುತ್ತಿದ್ದರು. ಇದ್ದೀರಾ ಎಂದು ಅರ್ಥ. ಒಳಗಿನಿಂದ ನನ್ನ ಅಜ್ಜಿ "ಬಲೆ, ಬಲೆ, ಕುಲ್ಲುಲೆ" ಎನ್ನುತ್ತಲೇ ಹೊರಗೆ ಬರುತ್ತಿದ್ದರು. ಬನ್ನಿ, ಕೂತುಕೊಳ್ಳಿ ಎನ್ನುವ ಆ ಮಾತು ಬಂದವರ ಮುಖ ನೋಡುವ ಮೊದಲೇ ಅವರ ಬಾಯಿಂದ ಹೊರಟಿರುತ್ತಿತ್ತು.

ಮೆಟ್ಟಿಲ ಬಳಿ ಹಂಡೆ ತುಂಬ ನೀರು, ಮೇಲೆ ಒಂದು ಚೆಂಬು. ನಮ್ಮ ಊರಿನದ್ದು ಕೆಂಪು ಮಣ್ಣು. ಬೇಸಗೆಯಲ್ಲಿ ಧೂಳು, ಮಳೆಗಾಲದಲ್ಲಿ ಮೊಣಕಾಲಿನವರೆಗೆ ಕೆಸರು. ಬಂದವರು ಚಪ್ಪಲಿ ಬಿಟ್ಟು, ಕಾಲು ತೊಳೆದು ಜಗಲಿ ಹತ್ತುತ್ತಿದ್ದರು. ಅವರು ಕೂತ ಕೂಡಲೇ ನನ್ನ ಕೆಲಸ ಶುರು. ಗಿಂಡಿಯಲ್ಲಿ ಬಾವಿಯ ತಣ್ಣೀರು, ಸಣ್ಣ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ. ಓಲೆಬೆಲ್ಲ ಇದ್ದರೆ ಇನ್ನೂ ವಿಶೇಷ. ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ಗಿಂಡಿಯನ್ನು ಎತ್ತಿ, ಅದರ ಮೂತಿ ತುಟಿಗೆ ತಾಗದ ಹಾಗೆ ನೀರನ್ನು ಗಂಟಲಿಗೆ ಬಿಟ್ಟುಕೊಳ್ಳಬೇಕು. ನಾನು ಅಭ್ಯಾಸ ಮಾಡಲು ಹೋಗಿ ಅಂಗಿ ಒದ್ದೆ ಮಾಡಿಕೊಂಡದ್ದಕ್ಕೆ ಲೆಕ್ಕವಿಲ್ಲ. ಕರಾವಳಿಯ ಸೆಕೆಯಲ್ಲಿ ಬೆವರು ಸುರಿಸಿ ನಡೆದು ಬಂದವರಿಗೆ ಬೆಲ್ಲದ ಸಿಹಿ ಬೇಗ ಚೈತನ್ಯ ಕೊಡುತ್ತದೆ. ಶಾಸ್ತ್ರ ಹುಟ್ಟಿದ್ದು ಈ ಉಪಯೋಗದಿಂದಲೇ ಎಂದು ನನಗೆ ತೋರುತ್ತದೆ.

ಆಮೇಲೆ ದೊಡ್ಡವರಿಗೆ ವೀಳ್ಯದೆಲೆ, ಅಡಿಕೆಯ ಹರಿವಾಣ. ಅದರಲ್ಲಿ ನಮಗೇನೂ ಪಾಲಿರಲಿಲ್ಲ, ಬಿಡಿ.

ಅಜ್ಜಿಯದ್ದು ಒಂದು ನಿಯಮ ಇತ್ತು. ನೀರು ಕುಡಿದು ಮುಗಿಸುವವರೆಗೆ ಯಾಕೆ ಬಂದಿರಿ ಎಂದು ಕೇಳಬಾರದು. ಅಪರಿಚಿತರಾದರೆ ಹೆಸರನ್ನೂ ಕೇಳಬಾರದು. ಒಮ್ಮೆ ನಾನು ಬಾಯಿ ತಪ್ಪಿ "ನೀವು ಯಾರು?" ಎಂದು ಕೇಳಿ, ಅವರು ಹೋದ ಮೇಲೆ ಕಿವಿ ಹಿಂಡಿಸಿಕೊಂಡೆ.

ಪಕ್ಕದ ಮನೆಯಲ್ಲಿ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಕುಟುಂಬ. ಆ ಮನೆಯ ಹಿರಿಯಾಕೆಯನ್ನು ನಾವೆಲ್ಲ ಬಾಯಮ್ಮ ಎನ್ನುತ್ತಿದ್ದೆವು. ಅವರಲ್ಲೂ ಬಂದವರಿಗೆ ಮೊದಲು ನೀರು, ಬೆಲ್ಲ. ಆದರೆ ನನಗೆ ಸೋಜಿಗವಾಗುತ್ತಿದ್ದದ್ದು ಇನ್ನೊಂದು. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ, ಮನೆಗೆ ಹಿರಿಯರು ಬಂದಾಗಲೂ, ಅಲ್ಲಿಯ ಮಕ್ಕಳು ಕೈ ಜೋಡಿಸಿ "ಬೆಸಾಂವ್" ಕೇಳುತ್ತಿದ್ದರು. ಆಶೀರ್ವಾದ ಕೊಡಿ ಎಂದು. ಅಪ್ಪನ ಬ್ಯಾರಿ ಸ್ನೇಹಿತರೊಬ್ಬರು ಬಂದರೆ ಸಲಾಂ ಹೇಳುತ್ತಿದ್ದರು, ನಿಮಗೆ ಶಾಂತಿ ಇರಲಿ ಎಂದು. ಅರಬ್ಬಿಯ 'ಸಲಾಮ್' ಮತ್ತು ಬೈಬಲ್ ಕಾಲದ ಯಹೂದಿಗಳ ಹೀಬ್ರೂ ಭಾಷೆಯ 'ಶಾಲೋಮ್' ಒಂದೇ ಬೇರಿನಿಂದ ಬಂದ ಮಾತುಗಳು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಶಾಲೋಮ್ ಎಂದರೆ ಜಗಳ ಇಲ್ಲದಿರುವುದು ಮಾತ್ರವಲ್ಲ. ಮೈ, ಮನೆ, ದನಕರು, ಮಕ್ಕಳು ಎಲ್ಲ ಸುಖವಾಗಿರುವುದು. ನಮ್ಮ ಹಳೆಯ ಕನ್ನಡದ 'ಹದುಳ' ಎಂಬ ಮಾತು ಅದಕ್ಕೆ ಹತ್ತಿರ. ಮನೆಗೆ ಬಂದವರನ್ನು ಹದುಳವೇ ಎಂದು ವಿಚಾರಿಸದ ಜನರನ್ನು ಬಸವಣ್ಣನವರು 12ನೇ ಶತಮಾನದಲ್ಲೇ ಚೆನ್ನಾಗಿ ಗದರಿಸಿದ್ದಾರೆ.

ಬಾಯಮ್ಮ ಕಥೆ ಹೇಳುವುದರಲ್ಲಿ ಗಟ್ಟಿಗರು. ಅವರ ಜಗಲಿಯಲ್ಲಿ ಕೂತು ನಾನು ಬೈಬಲಿನ ಎಷ್ಟೋ ಕಥೆ ಕೇಳಿದ್ದೇನೆ. ಮುದುಕನಾದ ಅಬ್ರಹಾಮ ಸುಡುಬಿಸಿಲಿನಲ್ಲಿ ತನ್ನ ಗುಡಾರದ ಬಾಗಿಲಲ್ಲಿ ಕೂತಿದ್ದಾನೆ. ಎದುರಿಗೆ ಮೂವರು ನಿಂತಿರುವುದು ಕಾಣುತ್ತದೆ. ಗುರುತು ಪರಿಚಯ ಏನೂ ಇಲ್ಲ. ಆದರೂ ಓಡಿಹೋಗಿ, ನೆಲಕ್ಕೆ ಬಾಗಿ ನಮಸ್ಕರಿಸಿ, ಕಾಲು ತೊಳೆಯಲು ನೀರು ತರಿಸುತ್ತೇನೆ, ಮರದ ನೆರಳಲ್ಲಿ ಸುಧಾರಿಸಿಕೊಳ್ಳಿ ಎಂದು ಬೇಡಿಕೊಳ್ಳುತ್ತಾನೆ. ಯಾರು, ಎಲ್ಲಿಂದ ಎಂದು ಕೇಳುವುದೇ ಇಲ್ಲ. "ನನ್ನ ಅಜ್ಜಿಯದ್ದೂ ಇದೇ ನಿಯಮ" ಎಂದು ನಾನು ಕುಣಿದಾಡಿದ್ದೆ.

ಆ ದೇಶವೂ ಧೂಳಿನದ್ದು. ಕಾಲಿಗೆ ತೆರೆದ ಚಪ್ಪಲಿ. ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕೆನ್ನೆಗೆ ಮುತ್ತು, ಗೌರವದ ಅತಿಥಿಯಾದರೆ ತಲೆಗೆ ಎಣ್ಣೆ. ನಮ್ಮಲ್ಲಿ ದೀಪಾವಳಿಗೆ ಹಚ್ಚುವ ಹಾಗೆ ಎಂದುಕೊಳ್ಳಿ. ಸೀಮೋನನೆಂಬ ಒಬ್ಬ ದೊಡ್ಡ ಮನುಷ್ಯ ಯೇಸುವನ್ನು ಊಟಕ್ಕೆ ಕರೆದು ಇದರಲ್ಲಿ ಒಂದನ್ನೂ ಮಾಡಲಿಲ್ಲ. ಊರೇ ಹೀಗಳೆಯುತ್ತಿದ್ದ ಒಬ್ಬ ಹೆಂಗಸು ಕರೆಯದೆ ಬಂದು, ಕಣ್ಣೀರಿನಿಂದಲೇ ಅವರ ಪಾದ ತೊಳೆದಳು. ಆಗ ಯೇಸು ಮನೆಯ ಯಜಮಾನನಿಗೆ, ಅವನು ಕೊಡದೆ ಬಿಟ್ಟದ್ದನ್ನೆಲ್ಲ ಒಂದೊಂದಾಗಿ ಎತ್ತಿ ತೋರಿಸಿದರು. ಊಟ ಹಾಕಿದ್ದರೂ ಬಾಗಿಲಲ್ಲಿ ಆದ ಕೊರತೆ ಮುಚ್ಚಿಹೋಗಲಿಲ್ಲ.

ನನಗೆ ನಗು ಬರಿಸಿದ ಕಥೆಯೂ ಇತ್ತು. ಪ್ರವಾದಿ ಎಲೀಷನು ತುರ್ತು ಕೆಲಸಕ್ಕೆ ಸೇವಕನನ್ನು ಓಡಿಸುವಾಗ, ದಾರಿಯಲ್ಲಿ ಯಾರಿಗೂ ನಮಸ್ಕಾರ ಹೇಳಬೇಡ, ಅವರು ಹೇಳಿದರೂ ಉತ್ತರ ಕೊಡಬೇಡ ಎನ್ನುತ್ತಾನೆ. ಯೇಸು ಕೂಡ ಶಿಷ್ಯರನ್ನು ಊರೂರಿಗೆ ಕಳಿಸುವಾಗ ದಾರಿಯ ನಮಸ್ಕಾರ ಬೇಡ ಎಂದರು, ಆದರೆ ಯಾವ ಮನೆಗೆ ಕಾಲಿಟ್ಟರೂ ಮೊದಲು ಆ ಮನೆಗೆ ಶಾಂತಿ ಕೋರಬೇಕು ಎಂದರು. ದಾರಿಯಲ್ಲಿ ಯಾಕೆ ಬೇಡ? ಬಾಗುವುದು, ಅಪ್ಪಿಕೊಳ್ಳುವುದು, ಮನೆಮಂದಿಯ ಕ್ಷೇಮವನ್ನು ವಿಚಾರಿಸುವುದು, ಇದಕ್ಕೆಲ್ಲ ಅಷ್ಟು ಹೊತ್ತು ಹಿಡಿಯುತ್ತಿತ್ತು. ನನ್ನ ಅಜ್ಜ ಉರ್ವ ಮಾರ್ಕೆಟಿಗೆ ಮೀನು ತರಲು ಹೋದರೆ ಎರಡು ಗಂಟೆ. ಮೀನಿಗೆ ಹತ್ತು ನಿಮಿಷ, ಉಳಿದದ್ದೆಲ್ಲ ನಮಸ್ಕಾರಕ್ಕೆ.

ಮೊಮ್ಮಗಳಿಗೆ ಮೊದಲ ದಿನ ಹೇಳಿದ್ದು ಇಷ್ಟು. ಅವಳು "ಎಷ್ಟು ಒಳ್ಳೇದಿತ್ತು ಅಜ್ಜ, ಹಿಂದಿನ ಕಾಲ!" ಎಂದಳು. ಆ ಮಾತು ನನಗೆ ಚುಚ್ಚಿತು.

ಯಾಕೆಂದರೆ ನಮ್ಮ ಮನೆಗೆ ದಿನಾ ಬರುತ್ತಿದ್ದ ಒಬ್ಬರ ವಿಷಯ ನಾನು ಹೇಳಿರಲಿಲ್ಲ. ಹೊಳೆಬದಿಯಿಂದ ದನಕ್ಕೆ ಹುಲ್ಲಿನ ಹೊರೆ ತರುತ್ತಿದ್ದ ಒಬ್ಬ ಮುದುಕಿ. ನಾವು ಹುಲ್ಲಿನಜ್ಜಿ ಎನ್ನುತ್ತಿದ್ದೆವು. ಅವರು ಕೆಮ್ಮಿ ಕರೆದದ್ದಿಲ್ಲ, ಹಂಡೆಯ ನೀರು ಮುಟ್ಟಿದ್ದಿಲ್ಲ, ಜಗಲಿ ಹತ್ತಿದ್ದಿಲ್ಲ. ಅವರಿಗೂ ಅಜ್ಜಿ ಬೆಲ್ಲ ಕೊಡುತ್ತಿದ್ದರು, ಅದೇ ಬಾವಿಯ ನೀರು ಕೊಡುತ್ತಿದ್ದರು. ಆದರೆ ಗೆರಟೆಯಲ್ಲಿ. ಗೆರಟೆ ಎಂದರೆ ತೆಂಗಿನ ಚಿಪ್ಪು. ಅದನ್ನು ಅಂಗಳದ ಕಟ್ಟೆಯ ಮೇಲಿಟ್ಟು ನಾನು ಹಿಂದೆ ಸರಿಯಬೇಕು, ಆಮೇಲೆ ಅವರು ಬಂದು ಎತ್ತಿಕೊಳ್ಳಬೇಕು. ಕುಡಿದ ಮೇಲೆ ಗೆರಟೆಯನ್ನು ಅವರೇ ತೊಳೆದು ತೆಂಗಿನ ಬುಡದಲ್ಲಿ ಕವುಚಿ ಇಡುತ್ತಿದ್ದರು. ಹುಟ್ಟಿದ ಜಾತಿಯ ಕಾರಣಕ್ಕೆ ಅವರನ್ನು ಮುಟ್ಟಬಾರದು ಎಂಬ ಕಟ್ಟಳೆ.

1964ರ ಬೇಸಗೆ ರಜೆ. ನನಗೆ ಒಂಬತ್ತು ವರ್ಷ. ಒಂದು ಮಧ್ಯಾಹ್ನ ಅಜ್ಜಿ ಮಲಗಿದ್ದರು. ಹುಲ್ಲಿನಜ್ಜಿ ಹೊರೆ ಇಳಿಸಿ ಏದುಸಿರು ಬಿಡುತ್ತಿದ್ದರು. ಗೆರಟೆ ಒಡೆದಿತ್ತೋ, ನನಗೆ ಹುಡುಕಲು ಉದಾಸೀನವೋ, ಈಗ ನೆನಪಿಲ್ಲ. ನಾನು ಗಿಂಡಿಯನ್ನೇ ತೆಗೆದುಕೊಂಡು ಹೋಗಿ ಅವರ ಕಡೆ ಚಾಚಿದೆ. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಬೇಡ ಮಗಾ, ಬೇಡ" ಎಂದರು. ಅವರ ಕಣ್ಣು ನನ್ನ ಮೇಲಿರಲಿಲ್ಲ, ನಮ್ಮ ಮನೆಯ ಬಾಗಿಲ ಮೇಲಿತ್ತು. ಹೆದರಿದ್ದರು. ಬಾಯಾರಿದ ಮುದುಕಿಯೊಬ್ಬರು ನೀರಿನ ಪಾತ್ರೆಗೆ ಹೆದರಿದ್ದನ್ನು ನಾನು ಆ ದಿನ ನೋಡಿದೆ.

ಅಷ್ಟರಲ್ಲಿ ಅಜ್ಜಿ ಎದ್ದು ಬಂದರು. ನನಗೆ ಬೈಗುಳ. ಯಾರೂ ಮುಟ್ಟದ ಗಿಂಡಿಯನ್ನು ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ ಬಿಸಿಲಿಗಿಟ್ಟರು. ಅಜ್ಜಿ ಕೆಟ್ಟವರಲ್ಲ. ಹುಲ್ಲಿನಜ್ಜಿಗೆ ಜ್ವರ ಬಂದಾಗ ಗಂಜಿ ಕಳಿಸಿದವರು. ಆದರೂ ಮಾಡಿದ್ದು ತಪ್ಪು. ಅಸ್ಪೃಶ್ಯತೆಯನ್ನು ನಮ್ಮ ಸಂವಿಧಾನ 1950ರಲ್ಲೇ ನಿಷೇಧಿಸಿತ್ತು. ಅಷ್ಟೇ ಏಕೆ, ಅದಕ್ಕೂ ಬಹಳ ಹಿಂದೆ, 1892ರಲ್ಲಿ, ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆ ತೆರೆದದ್ದು ನಮ್ಮ ಈ ಉರ್ವದ ಚಿಲಿಂಬಿಯಲ್ಲೇ, ಬಾಡಿಗೆಯ ಜಾಗದಲ್ಲಿ. ವಕೀಲರಾಗಿದ್ದ ಅವರು ಊರವರ ವಿರೋಧ ಕಟ್ಟಿಕೊಂಡು ಆ ಕೆಲಸ ಮಾಡಿದರು. ಆ ಮಕ್ಕಳು ಓದಿ, ಸರಕಾರಿ ಕೆಲಸ ಹಿಡಿದು, ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬುದು ಅವರ ಆಸೆಯಾಗಿತ್ತು. ಮಂಗಳೂರಿನ ಪುರಭವನಕ್ಕೆ ಇಂದು ಅವರದೇ ಹೆಸರು. ಅವರ ಶಾಲೆ ಇದ್ದ ಊರಿನಲ್ಲೇ, ಎಪ್ಪತ್ತೆರಡು ವರ್ಷ ಕಳೆದ ಮೇಲೂ, ನಮ್ಮ ತೆಂಗಿನ ಬುಡದಲ್ಲಿ ಗೆರಟೆ ಇತ್ತು.

ಬೈಗುಳ ತಿಂದು ನಾನು ಬಾಯಮ್ಮನ ಜಗಲಿಗೆ ಓಡಿದ್ದೆ. ಅವರು ಸಮಾಧಾನ ಮಾಡದೆ ಒಂದು ಕಥೆ ಹೇಳಿದರು. ಯೇಸು ನಡೆದು ನಡೆದು ದಣಿದು, ನಡುಹಗಲಿನಲ್ಲಿ ಸಮಾರ್ಯದ ಒಂದು ಬಾವಿಯ ಬಳಿ ಕೂತಿದ್ದಾರೆ. ನೀರಿಗೆ ಬಂದ ಹೆಂಗಸಿನ ಹತ್ತಿರ ಕುಡಿಯಲು ನೀರು ಕೇಳುತ್ತಾರೆ. ಅವಳಿಗೆ ಆಶ್ಚರ್ಯ. ಯಹೂದಿಗಳು ಸಮಾರ್ಯದವರ ಜತೆ ಬಳಕೆ ಇಟ್ಟುಕೊಳ್ಳುತ್ತಿರಲಿಲ್ಲ, ಅವರ ಪಾತ್ರೆಯಲ್ಲಿ ಕುಡಿಯುತ್ತಿರಲಿಲ್ಲ. ನನ್ನ ಕೈಯಿಂದ ನೀರು ಕೇಳುತ್ತೀಯಲ್ಲ ಎಂದು ಅವಳೇ ಕೇಳುತ್ತಾಳೆ.

"ಮತ್ತೆ ಅವಳು ಕೊಟ್ಟಳಾ ಬಾಯಮ್ಮ?" ಎಂದು ನಾನು ಕೇಳಿದೆ.

ಬಾಯಮ್ಮ ಸ್ವಲ್ಪ ಯೋಚಿಸಿ, "ಅದನ್ನು ಬರೆದಿಲ್ಲ ಮಗಾ" ಎಂದರು. ದೊಡ್ಡವನಾದ ಮೇಲೆ ಆ ಅಧ್ಯಾಯ ತೆಗೆದು ಓದಿದೆ. ಹೌದು, ನೀರು ಕೊಟ್ಟದ್ದಾಗಲಿ ಕುಡಿದದ್ದಾಗಲಿ ಅದರಲ್ಲಿ ಇಲ್ಲ. ಅವರಿಬ್ಬರ ಮಾತು ಮಾತ್ರ ಇದೆ.

ಮೊಮ್ಮಗಳು ಇದನ್ನೆಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆ ಅಜ್ಜಿಯ ಹೆಸರು ಎಂಥ?" ಎಂದಳು.

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ನಮ್ಮ ಅಂಗಳಕ್ಕೆ ಬಂದವರು. ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನೀರು ಕುಡಿಯುವ ಮೊದಲು ಹೆಸರು ಕೇಳಬಾರದು ಎಂಬ ನಿಯಮ ನಮಗೆ ಗೊತ್ತಿತ್ತು. ಕುಡಿದ ಮೇಲಾದರೂ ಕೇಳಬಹುದಿತ್ತು.

ಕಳೆದ ಶನಿವಾರ ಲಿಫ್ಟ್ ಕೆಟ್ಟಿತ್ತು. ಗ್ಯಾಸ್ ಸಿಲಿಂಡರ್ ತಂದವರು ಅದನ್ನು ಹೆಗಲ ಮೇಲೆ ಹೊತ್ತು ಮೂರು ಮಾಳಿಗೆ ಹತ್ತಿ ಬಂದರು. ಅಂಗಿ ಮೈಗೆ ಅಂಟಿತ್ತು. ನಾನು ಹಣ ಎಣಿಸುತ್ತಿದ್ದೆ. ಅಷ್ಟರಲ್ಲಿ ಮೊಮ್ಮಗಳು ಒಳಗಿನಿಂದ ಬಂದಳು. ಗಿಂಡಿಯಲ್ಲಿ ಪ್ಲಾಸ್ಟಿಕ್ ಹೂ ಇರಲಿಲ್ಲ. ಹಿಂದಿನ ದಿನವೇ ಅದನ್ನು ಹುಣಸೆಹುಳಿ ಹಾಕಿ ತಿಕ್ಕಿದ್ದಳಂತೆ. ಇನ್ನೊಂದು ಕೈಯಲ್ಲಿ ಬೆಲ್ಲದ ತಟ್ಟೆ. "ಬನ್ನಿ, ಒಳಗೆ ಕೂತುಕೊಳ್ಳಿ" ಎಂದಳು. ಅವರು ನನ್ನ ಮುಖ ನೋಡಿದರು. ನಾನು ಕುರ್ಚಿ ಎಳೆದೆ.

ಕೂತರು. ಬೆಲ್ಲ ಬಾಯಿಗೆ ಹಾಕಿ, ಗಿಂಡಿ ಎತ್ತಿ, ಒಂದು ತೊಟ್ಟೂ ಚೆಲ್ಲದೆ ಅರ್ಧ ಖಾಲಿ ಮಾಡಿದರು. "ನನ್ನ ಅಜ್ಜಿಯ ಮನೆಯಲ್ಲೂ ಒಂದಿತ್ತು" ಎಂದು ನಕ್ಕರು.

ಮೊಮ್ಮಗಳು ಅವರು ಗಿಂಡಿ ಕೆಳಗಿಡುವವರೆಗೆ ಕಾದಳು. ಆಮೇಲೆ ಕೇಳಿದಳು, "ಅಣ್ಣ, ನಿಮ್ಮ ಹೆಸರು ಎಂಥ?"