ಶಾಲೆಯಲ್ಲಿ ನಾಟಕ ತರಗತಿಗೆ ಮಳೆಗಾಲವೇ ಸಕಾಲ

ಬಂಟ್ವಾಳ ತಾಲೂಕಿನ ಮಂಚಿಯಲ್ಲಿ 1929ರಲ್ಲಿ ಜನಿಸಿದ ಬಿ.ವಿ. ಕಾರಂತರು ಮೊದಲು ಬಣ್ಣ ಹಚ್ಚಿದ್ದು ಮೂರನೇ ತರಗತಿಯಲ್ಲಿ, ಪಿ.ಕೆ. ನಾರಾಯಣರು ಆಡಿಸಿದ 'ನನ್ನ ಗೋಪಾಲ' ನಾಟಕಕ್ಕೆ. ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದ ಅವರು, ಅದಕ್ಕೂ ಮೊದಲು, 1969ರಿಂದ 1972ರವರೆಗೆ, ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸಿದರು. ಆದರೆ ನಮ್ಮ ಅನೇಕ ಶಾಲೆಗಳಿಗೆ ನಾಟಕ ನೆನಪಾಗುವುದು ವಾರ್ಷಿಕೋತ್ಸವ ಹತ್ತಿರವಾದಾಗ ಮಾತ್ರ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಶಾಲೆಗಳಿಗೆ ಒಂದು ಅಪೂರ್ವ ಅನುಕೂಲವಿದೆ. ತುಳುವರ ಬೇಶ ತಿಂಗಳ ಹತ್ತನೇ ದಿನವಾದ ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ, ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ; ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿಯ ಆಸುಪಾಸಿನಲ್ಲಿ. ಶಾಲೆ ತೆರೆಯುವುದೂ ಪತ್ತನಾಜೆಯ ಬೆನ್ನಿಗೇ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹಲವು ಕಲಾವಿದರು ಊರಿನಲ್ಲೇ ಇರುತ್ತಾರೆ. ಡಿಸೆಂಬರ್‌ನಲ್ಲಿ ಹುಡುಕಿದರೆ ಸಿಗುವವರಲ್ಲ. ರಾತ್ರಿ ರಂಗಸ್ಥಳದಲ್ಲಿ, ಹಗಲು ನಿದ್ದೆಯಲ್ಲಿ.

ಆರಂಭಕ್ಕೆ ವೇದಿಕೆ ಬೇಡ. ಪಕ್ಕದ ತರಗತಿಗೆ ಚೆಂಡೆಯ ಸದ್ದು ತೊಂದರೆಯಾಗದ ಒಂದು ಕೊಠಡಿ, ವೇಳಾಪಟ್ಟಿಯಲ್ಲಿ ಅಳಿಸಲಾಗದ ಎರಡು ಅವಧಿ ಸಾಕು. ಮೊದಲು ತಾಳ ಮತ್ತು ಹೆಜ್ಜೆ, ಬಳಿಕ ಅರ್ಥಗಾರಿಕೆ. ನಿಜವಾದ ಲಾಭವಿರುವುದು ಇಲ್ಲಿಯೇ. ಭಾಗವತರ ಪದ್ಯ ಕೇಳಿ ಮಾತನ್ನು ತಾನೇ ಕಟ್ಟಬೇಕಾದ್ದರಿಂದ ಬಾಯಿಪಾಠ ಉಪಯೋಗಕ್ಕೆ ಬಾರದು. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಆಡುವ ಮಗು ಇಂಗ್ಲಿಷ್ ಬೆರಸದ ಕನ್ನಡದಲ್ಲಿ ಎದುರಾಳಿಗೆ ಉತ್ತರಿಸಲು ಕಲಿಯುತ್ತದೆ.

ವೇಷಭೂಷಣದ ಬಾಡಿಗೆಯೇ ದೊಡ್ಡ ಖರ್ಚು. ಮೊದಲ ವರ್ಷ ಅದನ್ನು ಬಿಟ್ಟು, ದಸರಾ ರಜೆಗೆ ಮುನ್ನ ಸಮವಸ್ತ್ರದಲ್ಲೇ ಪಾಲಕರೆದುರು ಒಂದು ತಾಳಮದ್ದಳೆ ನಡೆಸಬಹುದು.