ತಂತಿ ಕೀಳುವ ಮುನ್ನ

ಕಳೆದ ತಿಂಗಳು ನಮ್ಮ ಉಚಿತ ವಾಚನಾಲಯದ ಕಂಪ್ಯೂಟರಿನ ಮುಂದೆ ಒಬ್ಬ ವಿದ್ಯಾರ್ಥಿಯು ಎರಡು ಗಂಟೆ ಕುಳಿತು ವಿದ್ಯಾರ್ಥಿವೇತನದ ಅರ್ಜಿಯನ್ನು ಸಿದ್ಧಪಡಿಸಿದನು. ಅರ್ಜಿಯನ್ನೂ ಪ್ರಮಾಣಪತ್ರಗಳ ಚಿತ್ರಗಳನ್ನೂ ಪೆನ್ ಡ್ರೈವಿಗೆ ಹಾಕಿ, ಬಾಗಿಲು ಹಾಕುವ ವೇಳೆಯಾಯಿತೆಂದು ಅವಸರದಿಂದ ಅದನ್ನು ಕಿತ್ತುಕೊಂಡು ಹೋದನು. ಮರುದಿನ ನೋಡಿದರೆ ಅರ್ಜಿ ತೆರೆಯಲೇ ಇಲ್ಲ. ಕೊನೆಯ ತಾರೀಖಿಗೆ ಒಂದು ದಿನ ಉಳಿದಿದ್ದುದರಿಂದ ಪುನಃ ಬರೆದು ಕಳುಹಿಸಲಾಯಿತು. ಎಲ್ಲರಿಗೂ ಆ ಒಂದು ದಿನ ಸಿಕ್ಕೀತೆಂದು ಹೇಳಲಾಗದು. ಆದುದರಿಂದ ಈ ನಾಲ್ಕು ಮಾತು.

ಗಿರಣಿಯ ಗುಮಾಸ್ತರಾದ ನಾವು ಲೆಕ್ಕವನ್ನು ಮೊದಲು ಕಚ್ಚಾ ಪುಸ್ತಕದಲ್ಲಿ ಗುರುತು ಹಾಕಿ, ಬಿಡುವಾದಾಗ ಖಾತೆಗೆ ಏರಿಸುತ್ತೇವೆ. ಕಂಪ್ಯೂಟರೂ ಕೆಲವೊಮ್ಮೆ ಹಾಗೆಯೇ ಮಾಡುತ್ತದೆ. ನಕಲು ಮುಗಿದಂತೆ ಕಂಡರೂ ಸ್ವಲ್ಪ ಭಾಗ ಅದರ ನೆನಪಿನಲ್ಲೇ ಉಳಿದಿರಬಹುದು. ಆಗ ಪೆನ್ ಡ್ರೈವನ್ನು ಕೀಳುವುದೆಂದರೆ ಬರೆಯುತ್ತಿರುವವನ ಕೈಯಿಂದ ಖಾತೆ ಪುಸ್ತಕವನ್ನು ಸೆಳೆದಂತೆ. ಪರದೆಯ ಬಲಗಡೆಯ ಕೆಳಮೂಲೆಯಲ್ಲಿ, ಗಡಿಯಾರದ ಬಳಿ, 'ಸೇಫ್ಲಿ ರಿಮೂವ್ ಹಾರ್ಡ್‌ವೇರ್' ಎಂಬ ಗುರುತಿದೆ. ಅದನ್ನು ಒತ್ತಿ 'ಇಜೆಕ್ಟ್' ಎಂಬುದನ್ನು ಆರಿಸಿ, ತೆಗೆಯಬಹುದೆಂಬ ಸೂಚನೆ ಬಂದ ಮೇಲೆಯೇ ಕೀಳತಕ್ಕದ್ದು. 2018ರಲ್ಲಿ ಬಂದ ವಿಂಡೋಸ್ 10ರ 1809ನೆಯ ಆವೃತ್ತಿಯಿಂದೀಚೆಗೆ ಹೀಗೆ ಬಾಕಿ ಉಳಿಸಿಕೊಳ್ಳದಿರುವುದೇ ರೂಢಿಯ ಏರ್ಪಾಡಾಗಿದೆ, ನಿಜ. ಆದರೆ ನಕಲು ನಡೆಯುತ್ತಿರುವಾಗಲೇ ಕಿತ್ತರೆ ಕಡತ ಕೆಡುವ ಭಯ ಈಗಲೂ ಇದೆ.

ಇನ್ನು ಕ್ಯಾಮರಾ, ಮೈಕು ಮುಂತಾದವು. ಇವುಗಳನ್ನು ನಿಲ್ಲಿಸಲು ಪ್ರತಿಸಲವೂ ತಂತಿ ಕೀಳಬೇಕಾಗಿಲ್ಲ. ಲ್ಯಾಪ್‌ಟಾಪಿನ ಒಳಗೇ ಕೂಡಿಸಿದ ಕ್ಯಾಮರಾಕ್ಕಂತೂ ಕೀಳಲು ತಂತಿಯೇ ಇಲ್ಲ. 'ಸ್ಟಾರ್ಟ್' ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಡಿವೈಸ್ ಮ್ಯಾನೇಜರ್' ತೆರೆದರೆ ಎಲ್ಲ ಉಪಕರಣಗಳ ಪಟ್ಟಿ ಕಾಣುತ್ತದೆ. ಬೇಕಾದುದರ ಹೆಸರಿನ ಮೇಲೂ ಹಾಗೆಯೇ ಒತ್ತಿ 'ಡಿಸೇಬಲ್ ಡಿವೈಸ್' ಎನ್ನಬೇಕು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರೂ ಅದು ನಿಂತೇ ಇರುತ್ತದೆ. ಬೇಕಾದಾಗ ಅಲ್ಲಿಯೇ 'ಎನೇಬಲ್ ಡಿವೈಸ್' ಎಂದರಾಯಿತು. ಕ್ಯಾಮರಾ ಮಂಕುಬಡಿದಂತೆ ನಿಂತಾಗಲೂ ಒಮ್ಮೆ ನಿಲ್ಲಿಸಿ ಮತ್ತೆ ನಡೆಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಯು.ಎಸ್.ಬಿ.ಯ ಹಳೆಯ ಅಗಲ ಮುಖದ ಕಿಂಡಿಗೆ ನಿಗದಿಯಾಗಿರುವ ಕನಿಷ್ಠ ಬಾಳಿಕೆ 1500 ಸಲದ ಜೋಡಣೆ. ಅನಾವಶ್ಯಕವಾಗಿ ಕಿತ್ತು ಸಿಕ್ಕಿಸದಿದ್ದರೆ ಅದೂ ಉಳಿಯುತ್ತದೆ.

ಆದರೆ ಈ ಉಪಾಯಕ್ಕೂ ಮಿತಿಯುಂಟು. 'ಡಿಸೇಬಲ್' ಎಂದರೆ ಕಂಪ್ಯೂಟರು ಆ ಉಪಕರಣದೊಡನೆ ವ್ಯವಹಾರ ನಿಲ್ಲಿಸಿತೆಂದು ಮಾತ್ರ ಅರ್ಥ. ಸಾಮಾನ್ಯವಾಗಿ ಅದಕ್ಕೆ ಹರಿಯುವ ವಿದ್ಯುತ್ತು ನಿಲ್ಲುವುದಿಲ್ಲ. ಯಂತ್ರದ ಮೇಲೆ ಅಧಿಕಾರವುಳ್ಳವರು, ಅಥವಾ ಆ ಅಧಿಕಾರ ಗಿಟ್ಟಿಸಿದ ಕಳ್ಳ ತಂತ್ರಾಂಶ, ಅದನ್ನು ಪುನಃ ನಡೆಸಬಲ್ಲರು. ಮನೆಯ ಮರ್ಯಾದೆಯ ಪ್ರಶ್ನೆ ಬಂದಾಗ ಕ್ಯಾಮರಾಕ್ಕೆ ಒಂದು ಮುಚ್ಚಳವೂ ಇರಲಿ. ಹಾಗೆಯೇ, ಇರುವ ಒಂದೇ ಮೌಸನ್ನಾಗಲಿ ಕೀಲಿಮಣೆಯನ್ನಾಗಲಿ ನಿಲ್ಲಿಸಕೂಡದು. ಮತ್ತೆ ಅಪ್ಪಣೆ ಕೊಡಲು ಕೈಯೇ ಇಲ್ಲದಂತಾದೀತು.

ವಾಚನಾಲಯದ ಯಂತ್ರದಲ್ಲಿ ಈ ಬದಲಾವಣೆಗಳಿಗೆ ಗುಪ್ತಪದ ಬೇಕಾಗುತ್ತದೆ. ಸರದಿಯ ಸ್ವಯಂಸೇವಕರನ್ನು ಕೇಳಿರಿ. ಪೆನ್ ಡ್ರೈವ್ ತೆಗೆಯಲು ಮಾತ್ರ ಯಾರ ಅನುಮತಿಯೂ ಬೇಡ. ಅರೆಗಳಿಗೆಯ ತಾಳ್ಮೆಯಿದ್ದರೆ ಸಾಕು.