ಕಾವಲಿಗೊಂದು ಮೊಳೆ

ಬೆಳಗಿನ ಏಳು ಗಂಟೆಗೆ ಬೆಂಗಳೂರಿನ ಹನುಮಂತನಗರ, ಶ್ರೀನಗರದ ಬಾಡಿಗೆ ಮನೆಗಳ ಸಾಲಿನಲ್ಲಿ ನಡೆದುಹೋದರೆ ಕುಕ್ಕರಿನ ಕೂಗಿಗೂ ಮೊದಲು ಇನ್ನೊಂದು ಸದ್ದು ಕಿವಿಗೆ ಬೀಳುತ್ತದೆ. ಕಬ್ಬಿಣಕ್ಕೆ ಅಲ್ಯುಮಿನಿಯಂ ಉಜ್ಜುತ್ತದೆ, ಯಾವುದೋ ಮುಚ್ಚಳ ಜಾರಿ ನೆಲಕ್ಕೆ ಬಿದ್ದು ಗಿರಗಿರನೆ ಸುತ್ತಿ ನಿಲ್ಲುತ್ತದೆ. ದೋಸೆ ಹಿಟ್ಟು ಹದವಾಗಿ ಉಕ್ಕಿದೆ, ಚಟ್ನಿಗೆ ಒಗ್ಗರಣೆಯೂ ಬಿದ್ದಿದೆ. ಕಾವಲಿ ಮಾತ್ರ ರಾಶಿಯ ತಳದಲ್ಲಿದೆ.

ಆ ಅಡುಗೆಮನೆಗಳು ಹೆಚ್ಚೂಕಡಿಮೆ ಒಂದೇ ಅಚ್ಚಿನವು. 8 ಅಡಿ ಉದ್ದ, 6 ಅಡಿ ಅಗಲ. ಒಂದು ಗೋಡೆಗೆ ಗ್ರಾನೈಟ್ ಕಟ್ಟೆ, ಕಟ್ಟೆಯ ಕೆಳಗೆ ಸಿಲಿಂಡರು, ಅದರ ಪಕ್ಕದಲ್ಲಿ ಕಡಪ ಕಲ್ಲಿನ ಎರಡು ಹಲಗೆ. ಪಾತ್ರೆಗಳು ಇರುವುದು ಕೆಳಗಿನ ಹಲಗೆಯಲ್ಲಿ. ಅಡಿಯಲ್ಲಿ ಎರಡೂವರೆ ಕಿಲೋ ತೂಗುವ ಬೀಡಿನ ದೋಸೆ ಕಾವಲಿ, ಅದರ ಮೇಲೆ ಚಪಾತಿ ತವಾ, ಮೇಲೆ ಧಾರವಾಡದ ಸೊಸೆಯ ಜೊತೆ ಬಂದ ಪಡ್ಡಿನ ಹಂಚು, ಆಮೇಲೆ ನಾನ್‌ಸ್ಟಿಕ್ ಪ್ಯಾನು, ಅದರೊಳಗೆ ಬಾಣಲೆ, ಬಾಣಲೆಯೊಳಗೆ ಸಣ್ಣ ಬಾಣಲೆ, ಎಲ್ಲಕ್ಕಿಂತ ಮೇಲೆ ಒಗ್ಗರಣೆ ಸೌಟು. ಭಾರದ್ದು ಕೆಳಗೆ, ಹಗುರದ್ದು ಮೇಲೆ ಇರಬೇಕೆಂಬುದು ಕೇಳಲು ಸರಿಯೇ. ಆದರೆ ದಿನಬೆಳಗಾದರೆ ಬೇಕಾಗುವುದು ಆ ಭಾರದ್ದೇ.

ಕಾವಲಿಯನ್ನು ಎತ್ತಿ ಹಿಂದುಮುಂದು ನೋಡಿ. ನೀರು ಆರದ ಪಾತ್ರೆ ಕೂತ ಕಡೆ ಬೆರಳಗಲದ ಕಂದು ಉಂಗುರ ಮೂಡಿರುತ್ತದೆ. ಅದು ತುಕ್ಕು. ವರ್ಷಗಟ್ಟಲೆ ಎಣ್ಣೆ, ಬೆಂಕಿಯಲ್ಲಿ ಪಳಗಿ ಕರ್ರಗೆ ಮಿರುಗುವ ಕಾವಲಿಯ ಮೈ, ಎರಡು ರಾತ್ರಿಯ ತೇವಕ್ಕೆ ಹಾಳಾಗಿ ದೋಸೆ ಏಳದಂತಾಗುತ್ತದೆ. ಅದರ ಪಕ್ಕದ ನಾನ್‌ಸ್ಟಿಕ್ ಪ್ಯಾನಿನ ಒಳಮೈಯಲ್ಲಿ ಬಾಣಲೆಯ ತಳ ಗೀರಿದ ಬಿಳಿ ಗೆರೆಗಳು. ಕಡಪ ಕಲ್ಲಿನ ಮೇಲೆ ರಾಶಿ ಹಾಕುವುದರಿಂದ ಜಾಗವೂ ಉಳಿಯುವುದಿಲ್ಲ, ಪಾತ್ರೆಯೂ ಉಳಿಯುವುದಿಲ್ಲ. 11 ಇಂಚಿನ ಕಾವಲಿಯನ್ನು ಮಲಗಿಸಿದರೆ ಹಿಡಿ ಸೇರಿ ಒಂದೂವರೆ ಅಡಿ ಜಾಗ ಹೋಗುತ್ತದೆ. ಅಂಚಿನ ಮೇಲೆ ನಿಲ್ಲಿಸಿದರೆ 2 ಇಂಚು ಸಾಕು. ಗೋಡೆಗೆ ತೂಗುಹಾಕಿದರೆ ಹಲಗೆಯ ಮೇಲೆ ಅದಕ್ಕೆ ಜಾಗವೇ ಬೇಡ.

ಇದು ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಹಳೇ ಮನೆಗಳಲ್ಲಿ ಹಾಲು ಮೊಸರಿನ ಗಡಿಗೆಗೆ ನೆಲುವು ತೂಗುತ್ತಿತ್ತು, ದಪ್ಪ ಗೋಡೆಯಲ್ಲಿ ಗೂಡಿತ್ತು, ತಲೆಯೆತ್ತರದಲ್ಲಿ ನಾಗಂದಿಗೆ ಇತ್ತು. ಹಬ್ಬಕ್ಕೆ ಕಜ್ಜಾಯ ಕರಿಯುವ ದೊಡ್ಡ ಬಾಣಲೆ ನಾಗಂದಿಗೆ ಏರಿದರೆ ಇಳಿಯುತ್ತಿದ್ದದ್ದು ಮುಂದಿನ ಹಬ್ಬಕ್ಕೇ. ದೋಸೆ ಕಾವಲಿ ಒಲೆಯ ಪಕ್ಕದ ಗೋಡೆಗೆ ಒರಗಿ ನಿಂತಿರುತ್ತಿತ್ತು, ಇಲ್ಲವೇ ಮೊಳೆಗೆ ಸಿಕ್ಕಿಕೊಂಡಿರುತ್ತಿತ್ತು.

ಬಸವನಗುಡಿಯಲ್ಲಿರುವ ನನ್ನ ಅತ್ತಿಗೆಯ ಅಡುಗೆಮನೆಯೂ ಆ 8 ಅಡಿಯದೇ. ಒಲೆಯಿಂದ ಒಂದು ಮೊಳ ದೂರಕ್ಕೆ, ಪಕ್ಕದ ಗೋಡೆಯಲ್ಲಿ, ಎದೆಮಟ್ಟಕ್ಕಿಂತ ತುಸು ಮೇಲೆ ಸ್ಟೀಲಿನ ಒಂದು ಸರಳು ಅಡ್ಡಲಾಗಿ ಕೂತಿದೆ. ಅದಕ್ಕೆ ಎಸ್ ಆಕಾರದ ಕೊಕ್ಕೆಗಳು. ಕಾವಲಿ, ತವಾ, ಎರಡು ಬಾಣಲೆ, ಒಗ್ಗರಣೆ ಸೌಟು, ಮಗುಚುವ ಕೈ ಎಲ್ಲವೂ ಸಾಲಾಗಿ ಅಲ್ಲಿವೆ. ದೋಸೆಯ ಕೆಲಸ ಮುಗಿದ ಮೇಲೆ ಅವರು ಕಾವಲಿ ತೊಳೆದು ಮತ್ತೆ ಒಲೆಯ ಮೇಲಿಡುತ್ತಾರೆ. ನೀರ ಹನಿ ಚುರ್ ಎಂದು ಆರಿದ ಮೇಲೆ ಬಟ್ಟೆಯ ತುದಿಗೆ ಒಂದು ತೊಟ್ಟು ಎಣ್ಣೆ ಹಚ್ಚಿ ಮೈಯೆಲ್ಲ ಸವರಿ, ತಣ್ಣಗಾದ ಮೇಲೆ ಕೊಕ್ಕೆಗೆ ಸಿಕ್ಕಿಸುತ್ತಾರೆ. ಗಾಳಿಯಲ್ಲಿರುವ ಆ ಕಾವಲಿಗೆ ತುಕ್ಕಿನ ಮಾತೇ ಇಲ್ಲ.

ಮೊದಲ ದಿನ ಅವರ ಅತ್ತೆ ಬಾಗಿಲಲ್ಲೇ ನಿಂತು, “ಏನಮ್ಮಾ ಇದು, ಪಾತ್ರೆ ಅಂಗಡಿ ಥರ ಎಲ್ಲಾ ನೇತುಹಾಕಿದೀಯ!” ಅಂದರಂತೆ.

“ಇನ್ನು ನೀವು ಬಗ್ಗೋದು ಬೇಡ ಅತ್ತೆ, ನಿಂತಲ್ಲೇ ಸಿಗುತ್ತೆ ನೋಡಿ.”

ಮಂಡಿ ನೋವಿನ ಆ ಹಿರಿಯರೇ ಈಗ ಬೆಳಗಿನ ಮೊದಲ ದೋಸೆ ಹುಯ್ಯುವುದು.

ದೂರದ ಅಮೆರಿಕದಲ್ಲೂ ಇದೇ ಉಪಾಯ ಮ್ಯೂಸಿಯಂ ಸೇರಿದೆ. ಅಡುಗೆ ಪುಸ್ತಕಗಳಿಂದಲೂ ಟೀವಿಯಿಂದಲೂ ಹೆಸರಾದ ಜೂಲಿಯಾ ಚೈಲ್ಡ್ ಅವರ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್ ಮನೆಯಲ್ಲಿ, 1961ರಲ್ಲಿ ಅಡುಗೆಮನೆ ಸಜ್ಜು ಮಾಡಿದಾಗ, ಗಂಡ ಪಾಲ್ ಗೋಡೆಗೆ ತೂತಿನ ಹಲಗೆ ಹೊಡೆದು ಪಾತ್ರೆಗಳನ್ನು ತೂಗುಹಾಕಲು ಅಣಿಮಾಡಿಕೊಟ್ಟರು. ಒಂದೊಂದು ಪಾತ್ರೆಯ ಅಂಚಿನ ಗೆರೆಯನ್ನೂ ಹಲಗೆಯ ಮೇಲೆ ಬರೆದರು. ಯಾವುದು ಎಲ್ಲಿಗೆ ಎಂದು ಯಾರೂ ಕೇಳಬೇಕಿರಲಿಲ್ಲ. 2001ರಲ್ಲಿ ಜೂಲಿಯಾ ಆ ಅಡುಗೆಮನೆಯನ್ನು ಸ್ಮಿತ್‌ಸೋನಿಯನ್ ಸಂಸ್ಥೆಗೆ ಕೊಟ್ಟರು. ಮನೆಯಲ್ಲಿ ನಾಲ್ಕು ಕೈ ಅಡುಗೆ ಮಾಡುವುದಾದರೆ ಪೆನ್ಸಿಲಿನಲ್ಲಿ ಹಾಗೆ ಗುರುತು ಮಾಡಿಕೊಳ್ಳುವುದು ನಿಜಕ್ಕೂ ಒಳ್ಳೆಯದು.

ಎಲ್ಲವನ್ನೂ ತೂಗುಹಾಕಬೇಕಿಲ್ಲ. ಹಿಡಿಯಿಲ್ಲದ ತವಾ, ಪಡ್ಡಿನ ಹಂಚುಗಳನ್ನು ಕಡಪ ಹಲಗೆಯ ಮೇಲೆಯೇ ನಿಲ್ಲಿಸಬಹುದು. ಅದಕ್ಕೆ ದುಬಾರಿ ಸ್ಟ್ಯಾಂಡು ಬೇಡ. ಆಫೀಸಿನ ಫೈಲು ನಿಲ್ಲಿಸುವ ಲೋಹದ ಸ್ಟ್ಯಾಂಡೇ ಸಾಕು, ಒಂದೊಂದನ್ನೂ ಉಳಿದವನ್ನು ಅಲುಗಿಸದೆ ಎಳೆದುಕೊಳ್ಳಬಹುದು. ಬಾಣಲೆಯೊಳಗೆ ಬಾಣಲೆ ಇಡಲೇಬೇಕಾದರೆ ನಡುವೆ ಹಳೇ ಹತ್ತಿಸೀರೆಯ ತುಂಡು ಹಾಕಿ. ನಾನ್‌ಸ್ಟಿಕ್ಕಿಗಂತೂ ಅದು ಬೇಕೇ ಬೇಕು. ಮುಚ್ಚಳಗಳಿಗೆ ಕಪಾಟಿನ ಬಾಗಿಲ ಒಳಬದಿಯಲ್ಲಿ ಒಂದು ತೆಳು ಸರಳು.

ಗೋಡೆಯ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಬೀಡಿನ ಕಾವಲಿಯ ಭಾರಕ್ಕೆ ಬರಿ ಮೊಳೆ ಹೊಡೆದರೆ ಗಾರೆ ಉದುರುತ್ತದೆ. ಡ್ರಿಲ್ ಮಾಡಿಸಿ, ಪ್ಲಾಸ್ಟಿಕ್ ಪ್ಲಗ್ ಕೂರಿಸಿ ಸ್ಕ್ರೂ ಹಾಕಿಸಿ. ಒಳಗೆ ವೈರು, ನೀರಿನ ಪೈಪು ಎಲ್ಲಿ ಹೋಗಿವೆ ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ಎಣ್ಣೆ ಹೊಗೆ ಕೂತ ಟೈಲ್ಸಿನ ಮೇಲೆ ಅಂಟಿಸುವ ಕೊಕ್ಕೆ ಸೌಟಿಗಾದರೆ ಸರಿ, ಕಬ್ಬಿಣಕ್ಕೆ ಬೇಡವೇ ಬೇಡ. ಉರಿಯುವ ಒಲೆಯ ನೇರ ಮೇಲೂ, ಗ್ಯಾಸ್ ಪೈಪಿನ ಮೇಲೂ ಏನನ್ನೂ ತೂಗುಹಾಕಬೇಡಿ.

ಕಷ್ಟವಿರುವುದು ಬಾಡಿಗೆದಾರರಿಗೆ. ಗೋಡೆಗೆ ಒಂದು ತೂತು ಕೊರೆಯಲೂ ಅನುಮತಿ ಬೇಕು, ಎಷ್ಟೋ ಕಡೆ ಅದು ಸಿಗುವುದಿಲ್ಲ. ಮನೆ ಕಟ್ಟಿಸುವವರಲ್ಲಿ, ಬಾಡಿಗೆಗೆ ಕೊಡುವವರಲ್ಲಿ ಒಂದು ಮನವಿ: ಸುಣ್ಣಬಣ್ಣ ಮಾಡಿಸುವ ಹೊತ್ತಿಗೆ ಒಲೆಯ ಪಕ್ಕದ ಗೋಡೆಗೆ ಮೂರಡಿಯ ಒಂದು ಗಟ್ಟಿ ಸರಳನ್ನು ನೀವೇ ಹಾಕಿಸಿಬಿಡಿ. ಬಾಡಿಗೆದಾರರು ಬದಲಾದರೂ ಸರಳು ಅಲ್ಲೇ ಇರುತ್ತದೆ, ಬಂದವರೆಲ್ಲರ ಕಾವಲಿಗೂ ಆಗುತ್ತದೆ.